ಕರೆದೊಯ್ಯಲು ಬಂದವರು

ಸ್ಯಾಮ್ ಸೆಲ್ವನ್ ಬರೆದ ‘ದಿ ಲೋನ್ಲಿ ಲಂಡನರ್ಸ್’ (1956) ಕಾದಂಬರಿ ಶುರುವಾಗುವುದೇ ಒಂದು ಗೊಣಗಾಟದಿಂದ. ಟ್ರಿನಿಡಾಡ್‌ನಿಂದ ಬಂದು ಲಂಡನ್ನಿನಲ್ಲಿ ವರ್ಷಗಳನ್ನು ಕಳೆದಿರುವ ಮೋಸೆಸ್, ಮಂಜು ಕವಿದ ಚಳಿಗಾಲದ ಸಂಜೆ ವಾಟರ್ಲೂ ಸ್ಟೇಷನ್ನಿಗೆ ಹೊರಟಿದ್ದಾನೆ. ಊರಿನ ಗೆಳೆಯನೊಬ್ಬ ಪತ್ರ ಬರೆದು, ಹೀಗೊಬ್ಬ ಬರುತ್ತಿದ್ದಾನೆ, ಸ್ವಲ್ಪ ನೋಡಿಕೋ ಎಂದಿದ್ದಾನೆ. ಬರುವವನ ಮುಖವನ್ನೂ ಮೋಸೆಸ್ ಕಂಡಿಲ್ಲ. ಬೆಚ್ಚಗೆ ಮಲಗುವುದು ಬಿಟ್ಟು ಯಾರಿಗೋ ಯಾಕೆ ಅಲೆಯಬೇಕು ಎಂದು ಬೈದುಕೊಳ್ಳುತ್ತಲೇ ಹೋಗುತ್ತಾನೆ. ರೈಲಿನಿಂದ ಇಳಿಯುವ ಹೆನ್ರಿ ಆಲಿವರ್ ತೆಳು ಸೂಟು ತೊಟ್ಟಿದ್ದಾನೆ, ಕೈಯಲ್ಲಿ ಸಾಮಾನಿಲ್ಲ, ಚಳಿಯೇ ಆಗುತ್ತಿಲ್ಲ ಎನ್ನುತ್ತಾನೆ. ಅಷ್ಟು ದೂರದಿಂದ ಬರುವವನು ನಾಲ್ಕು ಸಿಗರೇಟನ್ನಾದರೂ ತರಬಾರದೇ ಎಂದು ಮೋಸೆಸ್‌ಗೆ ಸಿಟ್ಟು. ಆದರೂ ತನ್ನ ಕೋಣೆಗೇ ಕರೆದೊಯ್ಯುತ್ತಾನೆ.

ಪ್ರವಾಸ ಕಥನ ನಮ್ಮಲ್ಲಿ ದೊಡ್ಡ ಪರಂಪರೆ. ಕಾರಂತರ ‘ಅಪೂರ್ವ ಪಶ್ಚಿಮ’ವನ್ನೂ ಗೊರೂರರ ‘ಅಮೇರಿಕದಲ್ಲಿ ಗೊರೂರು’ವನ್ನೂ ಖುಷಿಯಿಂದ ಓದಿ ಬೆಳೆದವಳು ನಾನು. ಆದರೆ ಅವರು ನೋಡಲು ಹೋದವರು. ಹಿಂದಿರುಗುವ ದಿನ ಅವರ ಕೈಯಲ್ಲೇ ಇತ್ತು, ಆ ದೇಶ ಅವರ ಕಣ್ಣಿಗೆ ಒಡ್ಡಿಕೊಂಡ ವಸ್ತುವಾಗಿತ್ತು. ಕೆಲಸಕ್ಕೆ ಹೋದವರ ವಿಷಯದಲ್ಲಿ ಇದು ತಿರುವುಮುರುವಾಗುತ್ತದೆ. ಅಲ್ಲಿ ದೇಶವೇ ಬಂದವನನ್ನು ನೋಡುತ್ತದೆ, ತೂಗುತ್ತದೆ, ಗುರುತು ಹಾಕುತ್ತದೆ. ಸೆಲ್ವನ್‌ನ ಕಾದಂಬರಿಯಲ್ಲಿ ಉದ್ಯೋಗ ವಿನಿಮಯ ಕಚೇರಿಯ ಕಡತಗಳ ನೆತ್ತಿಯ ಮೇಲೆ, ಈತ ಕರಿಯ ಎಂದು ತಿಳಿಸುವ ಸಂಕೇತಾಕ್ಷರಗಳಿರುತ್ತವೆ. ಅದನ್ನು ಹೊಸಬನಿಗೆ ಓದಿ ಹೇಳುವವನು ಮೋಸೆಸ್. ನಮ್ಮ ಸರ್ಕಾರವೇನೂ ಹಿಂದೆ ಬಿದ್ದಿಲ್ಲ. 1983ರ ವಲಸೆ ಕಾಯ್ದೆಯ ನಂತರ, ಸಾಮಾನ್ಯವಾಗಿ ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟು ‘ಎಮಿಗ್ರೇಷನ್ ಚೆಕ್’ ಬೇಕಾದವರ ಪಟ್ಟಿಗೆ ಸೇರುತ್ತದೆ. ಇದು ಅವರ ರಕ್ಷಣೆಗೆಂದೇ ಮಾಡಿದ ನಿಯಮ. ಆದರೆ ಅದೂ ಒಂದು ಗುರುತೇ.

ಹೆನ್ರಿಯ ಮೊದಲ ಬೆಳಗು ಈ ಕಾದಂಬರಿಯಲ್ಲಿ ನನಗೆ ತೀರಾ ಇಷ್ಟವಾದ ಭಾಗ. ನಿನ್ನ ಸಹಾಯ ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಜಂಬದಿಂದ ಬೀದಿಗಿಳಿದವನು ತಲೆಯೆತ್ತಿ ನೋಡಿದರೆ, ಆಕಾಶದಲ್ಲಿ ಸೂರ್ಯನಿದ್ದಾನೆ, ಬಿಸಿಲಿಲ್ಲ. ಅಷ್ಟಕ್ಕೇ ಅವನ ಜೀವ ನಡುಗಿಬಿಡುತ್ತದೆ. ಕೆಲಸ, ಹಣ, ಬಾಡಿಗೆ ಯಾವುದೂ ಇನ್ನೂ ಎದುರಾಗಿಲ್ಲ. ಹೆದರಿಸಿದ್ದು ಕಾಯದ ಸೂರ್ಯ! ಆ ಹೊತ್ತಿಗೆ ಹಿಂದಿನಿಂದ ಮೋಸೆಸ್ ಬಂದು ನಿಲ್ಲುತ್ತಾನೆ. ಇಡೀ ಕಾದಂಬರಿಯ ನಗು, ಪೋಲಿತನ, ದುಃಖ ಎಲ್ಲಕ್ಕೂ ಆಧಾರವಾಗಿರುವುದು, ಬೈದುಕೊಂಡಾದರೂ ಬಂದು ನಿಲ್ಲುವ ಈ ಮನುಷ್ಯ.

ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ (2008) ಅನ್ನು ಇದರ ಪಕ್ಕಕ್ಕಿಟ್ಟು ಓದಬೇಕು. ರಿಯಾದ್ ವಿಮಾನ ನಿಲ್ದಾಣದಲ್ಲಿ ನಜೀಬ್ ಮತ್ತು ಅವನಿಗಿಂತ ಚಿಕ್ಕವನಾದ ಹಕೀಂ ಕಾಯುತ್ತಾರೆ. ಜೊತೆಗೆ ಇಳಿದವರೆಲ್ಲ ಹೊರಟುಹೋಗುತ್ತಾರೆ. ಇವರನ್ನು ಕರೆದೊಯ್ಯಬೇಕಾದವರ ಸುಳಿವಿಲ್ಲ. ಕೊನೆಗೆ ಹಳೆಯ ಗಾಡಿಯಲ್ಲಿ ಒಬ್ಬ ಬರುತ್ತಾನೆ, ಇವರು ಹಿಂದೆ ಹೋಗುತ್ತಾರೆ. ಗಾಡಿ ನಗರ ದಾಟಿ ಮರುಭೂಮಿಗಿಳಿಯುತ್ತದೆ. ವರ್ಷಗಳು ಕಳೆದ ಮೇಲೆ, ಜೈಲಿನ ಸಾಲಿನಲ್ಲಿ ನಿಂತ ನಜೀಬನನ್ನು ಅದೇ ಅರ್ಬಾಬ್ ನೋಡಿಯೂ ಬಿಟ್ಟುಹೋಗುತ್ತಾನೆ. ಯಾಕೆಂದರೆ ನಜೀಬ್ ಅವನ ವೀಸಾದವನೇ ಅಲ್ಲ. ಆಗ ನಾವು ಮೊದಲ ಪುಟಗಳಿಗೆ ಮರಳಿ ಓದಬೇಕಾಗುತ್ತದೆ. ಅವನು ಕರೆದೊಯ್ಯಲು ಬಂದವನಲ್ಲ, ಎತ್ತಿಕೊಂಡು ಹೋದವನು. ಕೆಲಸಗಾರನ ಇರವನ್ನೆಲ್ಲ ಒಬ್ಬ ಪ್ರಾಯೋಜಕನ ಹೆಸರಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿಯ ಬಗ್ಗೆ ಸಾಕಷ್ಟು ವರದಿಗಳನ್ನು ಓದಿದ್ದೇನೆ. ಆ ಪದ್ಧತಿಯಲ್ಲಿ ನಂಬಿಕೆಯೇ ಹೇಗೆ ಬಲೆಯಾಗುತ್ತದೆ ಎಂಬುದು ನನಗೆ ತಿಳಿದದ್ದು ಮಾತ್ರ ಈ ಕೆಲವು ಪುಟಗಳಿಂದ.

ಊರಿನಲ್ಲಿ ನಜೀಬ್ ನದಿಯಿಂದ ಮರಳು ತೆಗೆಯುತ್ತಿದ್ದವನು, ಹಗಲೆಲ್ಲ ನೀರಿನಲ್ಲೇ ಇದ್ದವನು. ಇಲ್ಲಿ ಬೆಳಗಿನ ಶೌಚಕ್ಕೆ ನೀರು ಬಳಸಹೋದರೆ ಅರ್ಬಾಬ್‌ನ ಪೆಟ್ಟು ಬೀಳುತ್ತದೆ. ಹೆನ್ರಿಗೆ ಸೂರ್ಯ, ನಜೀಬನಿಗೆ ನೀರು. ಪರದೇಶ ಮೊದಲು ಕಿತ್ತುಕೊಳ್ಳುವುದು ನಾವು ಯಾವತ್ತೂ ಲೆಕ್ಕಕ್ಕೇ ಇಟ್ಟಿರದ ವಸ್ತುವನ್ನು ಎಂಬುದನ್ನು ಇಬ್ಬರು ಲೇಖಕರೂ ಬೇರೆಬೇರೆಯಾಗಿ ಕಂಡುಕೊಂಡಿದ್ದಾರೆ. ‘ಆಡುಜೀವಿತಂ’ ಎಂದೊಡನೆ ಎಲ್ಲರೂ ಮಾತಾಡುವುದು ಮರುಭೂಮಿಯ ಪಲಾಯನದ ಬಗ್ಗೆ. ಬ್ಲೆಸ್ಸಿ ಅವರ 2024ರ ಸಿನಿಮಾ ಕೂಡ ಮರಳಿನ ವಿಸ್ತಾರಕ್ಕೆ ಮನಸೋತಿದೆ. ನನಗಾದರೋ ಆ ಭಾಗದಲ್ಲಿ ದೈವಕೃಪೆ ತುಸು ಹೆಚ್ಚೇ ಕೆಲಸ ಮಾಡಿದಂತೆ ಕಾಣುತ್ತದೆ. ಕಾದಂಬರಿಯ ನಿಜವಾದ ಭಯ ಇರುವುದು ಆ ವಿಮಾನ ನಿಲ್ದಾಣದಲ್ಲಿ.

ನಾನು ಇದನ್ನೆಲ್ಲ ಇಷ್ಟು ಹಿಡಿದುಕೊಂಡು ಕೂತಿರಲು ಕಾರಣ ನನ್ನ ಮಾವ. ಉಡುಪಿ ಕಡೆಯ ನಮ್ಮ ಊರಿನಿಂದ ಒಂಬತ್ತನೇ ಕ್ಲಾಸು ಓದಿದ ಮಾವ ತೊಂಬತ್ತರ ದಶಕದಲ್ಲಿ ಸೌದಿಗೆ ಹೋದರು. ಆಗ ಬಜ್ಪೆಯಿಂದ ಗಲ್ಫಿಗೆ ನೇರ ವಿಮಾನ ಇರಲಿಲ್ಲ. ಬಸ್ಸಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ಹಾರಬೇಕು. ಅಮ್ಮನ ಮದುವೆ, ಮನೆಗೆ ಹೆಂಚಿನ ಬದಲು ತಾರಸಿ, ನನ್ನ ಎಂ.ಎ. ಫೀಸು ಎಲ್ಲವೂ ಅಲ್ಲಿಂದ ಬಂದವು. ರಜೆಯಲ್ಲಿ ಊರಿಗೆ ಬಂದ ದಿನಗಳ ಕತೆ ಅವರ ಬಳಿ ಬೇಕಾದಷ್ಟಿದೆ, ಯಾವ ಪೆಟ್ಟಿಗೆಯಲ್ಲಿ ಯಾರಿಗೆ ಏನು ತಂದದ್ದು ಎಂಬುದೂ ನೆನಪಿದೆ. ಅಲ್ಲಿ ಇಳಿದ ದಿನದ ಕತೆ ಮಾತ್ರ ಇಲ್ಲ. ಸಂಶೋಧನೆಯ ನೆಪದಲ್ಲಿ ಕೇಳಿದಾಗಲೆಲ್ಲ “ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ” ಎನ್ನುತ್ತಿದ್ದರು.

ಕರಾವಳಿಯ ಎಷ್ಟೋ ಮನೆಗಳು ಗಲ್ಫಿನ ದುಡಿಮೆಯ ಮೇಲೆ ನಿಂತಿವೆ. ನಾನು ಓದಿದ ಕನ್ನಡ ಕತೆಗಳಲ್ಲಿ ಆ ದುಡ್ಡು ಬರುತ್ತದೆ, ಅತ್ತರು ಬರುತ್ತದೆ, ಕಾಯುವ ಹೆಂಡತಿ ಬರುತ್ತಾಳೆ. ಇಳಿದವನ ಮೊದಲ ದಿನ ಸಿಗುವುದು ಅಪರೂಪ. ಅನುಭವಿಸಿದವರು ಬರೆಯುವವರಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ನಜೀಬನೂ ಬರೆದವನಲ್ಲ. ಬಹರೈನ್‌ನಲ್ಲಿ ತಾನೂ ದುಡಿಯುತ್ತಿದ್ದ ಬೆನ್ಯಾಮಿನ್ ಅವನ ಎದುರು ಕೂತು ಕೇಳಿಸಿಕೊಂಡರು. ಭಾಷೆಯ ತೊಡಕು ಇನ್ನೂ ದೊಡ್ಡದಿರಬಹುದು. ಸೆಲ್ವನ್ ತನ್ನ ಕಾದಂಬರಿಯನ್ನು ಮೊದಲು ಶಿಷ್ಟ ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಸೋತು, ಕೆರೀಬಿಯನ್ ಆಡುಮಾತಿಗೆ ಇಳಿದಾಗಲಷ್ಟೇ ಅದು ಓಡತೊಡಗಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕ್ಯಾಂಪಿನಲ್ಲಿ ಮುರುಕು ಹಿಂದಿ, ಮಲಯಾಳಂ, ನಾಲ್ಕು ಅರಬ್ಬಿ ಶಬ್ದ. ಮಾವನ ಮೊದಲ ದಿನವನ್ನು ಯಾವ ಕನ್ನಡದಲ್ಲಿ ಬರೆಯುವುದು?

ಕಳೆದ ಬಾರಿ ಊರಿಗೆ ಹೋದಾಗ ನಾನು ಪ್ರಶ್ನೆ ಕೇಳಲಿಲ್ಲ. ನಜೀಬ್ ವಿಮಾನ ನಿಲ್ದಾಣದಲ್ಲಿ ಕಾಯುವ ಭಾಗವನ್ನು ಕತೆಯಂತೆ ಹೇಳಿದೆ. ಮಾವ ಅಡಿಕೆ ಸುಲಿಯುತ್ತಲೇ ಕೇಳಿದರು.

“ಎಷ್ಟು ಹೊತ್ತು ಕಾದ ಅವ?”

“ತುಂಬಾ ಹೊತ್ತು ಮಾವ.”

“ನಾನು ಬೆಳಗ್ಗೆವರೆಗೆ ಕೂತಿದ್ದೆ. ಆಮೇಲೆ ಒಬ್ಬ ಬಂದ. ಅವನ ಹಿಂದೆ ಹೋದೆ. ನೀನು ಯಾರು ಅಂತ ಕೇಳ್ಲಿಕ್ಕೆ ನನ್ನತ್ರ ಭಾಷೆ ಎಲ್ಲಿತ್ತು?”