ಓದದೆ ಬಲ್ಲವರು: ಕವಿರಾಜಮಾರ್ಗದ ಒಂದು ಮಾತು ಮತ್ತು ಗಡಿಯ ಕನ್ನಡ

ಇಂದಿನ ಗೋಷ್ಠಿಯ ವಿಷಯ ಜ್ಞಾನಮೀಮಾಂಸೆ. ನಾನು ಎತ್ತಿಕೊಳ್ಳೋ ಪ್ರಶ್ನೆ ಒಂದೇ: ಒಬ್ಬರು ಒಂದು ಭಾಷೆಯನ್ನು ಬಲ್ಲರು ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಇದಕ್ಕೆ ಆರಿಸಿಕೊಂಡ ಪಠ್ಯ ಕವಿರಾಜಮಾರ್ಗ. ಊರುಗಳು ಉಮರ್ಗಾ, ನಿಲಂಗಾ, ಉದಗೀರ.

ಮೂರೂ ಹಳೆಯ ಹೈದರಾಬಾದ್ ಸಂಸ್ಥಾನದ ಊರುಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಅದೇ ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಕೂಡ ಆ ಕಡೆಗೇ ಸೇರಿತು. ಇವೆಲ್ಲ ಗೋದಾವರಿಯ ದಕ್ಷಿಣಕ್ಕಿವೆ. ಅಂದರೆ, ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಹೇಳುವ ಕಾವೇರಿ–ಗೋದಾವರಿ ನಡುವಿನ ಕನ್ನಡ ನಾಡಿನ ಒಳಗಿವೆ.

ಗಡಿಯ ಚರ್ಚೆಯಲ್ಲಿ ಈ ಗೋದಾವರಿಯ ಮಾತು ಹೊಲದ ಪಹಣಿಯ ಹಾಗೆ ಬಳಕೆಯಾಗುತ್ತದೆ: ನೋಡಿ, ಅಲ್ಲೀತನಕ ನಮ್ಮದು ಅಂತ. ನನ್ನ ತಕರಾರು ಈ ಓದಿನ ಬಗ್ಗೆ. ನದಿಗಳನ್ನು ಹೆಸರಿಸಿದ ಕೃತಿ ಅಲ್ಲಿಗೇ ನಿಲ್ಲುವುದಿಲ್ಲ, ಜನರ ಕಡೆ ತಿರುಗುತ್ತದೆ. ಕ್ರಮವಾಗಿ ಓದದಿದ್ದರೂ ಇಲ್ಲಿನವರು ಕಾವ್ಯಪ್ರಯೋಗದಲ್ಲಿ ನುರಿತವರು, ತಂತಮ್ಮ ಮಾತಿನಲ್ಲಿ ಎಲ್ಲರೂ ಜಾಣರು, ಸಣ್ಣ ಮಕ್ಕಳಿಗೂ ಆ ವಿವೇಕ ಉಂಟು ಎನ್ನುತ್ತದೆ. ನಾವು ನೆಲದ ಮಾತನ್ನು ಇಟ್ಟುಕೊಂಡು ಅರಿವಿನ ಮಾತನ್ನು ಬಿಟ್ಟಿದ್ದೇವೆ.

ಇದು ಬರೀ ನಾಡಿನ ಹೊಗಳಿಕೆ ಅನ್ನಬಹುದು. ಆದರೆ ಇದರಲ್ಲಿ ಜ್ಞಾನದ ಬಗ್ಗೆ ಒಂದು ನಿಲುವಿದೆ: ನಿಯಮ ಹೇಳಲು ಬಾರದವರೂ ನಿಯಮ ತಪ್ಪದೆ ನುಡಿಯಬಲ್ಲರು. ಗಿಲ್ಬರ್ಟ್ ರೈಲ್ 1949ರ 'ದಿ ಕಾನ್ಸೆಪ್ಟ್ ಆಫ್ ಮೈಂಡ್' ಪುಸ್ತಕದಲ್ಲಿ, ಸಂಗತಿ ತಿಳಿದಿರುವುದು ಬೇರೆ, ಕೆಲಸ ಮಾಡಲು ಬರುವುದು ಬೇರೆ ಎಂದು ವಾದಿಸಿದ. ನಮಗೆ ಈ ಭೇದ ದಿನದ ಮಾತಿನಲ್ಲೇ ಸಿಗ್ತದೆ. ದಾರಿ ಗೊತ್ತಿರುತ್ತದೆ, ಈಜು ಬರುತ್ತದೆ. ಭಾಷೆಯೂ 'ಬರುತ್ತದೆ'. ಮರಾಠಿಯಲ್ಲೂ ಹಾಗೇ: 'ಮಲಾ ಕನ್ನಡ ಯೇತೇ'. ಗಡಿಯ ಎರಡೂ ಭಾಷೆಗಳು ಈ ವಿಷಯದಲ್ಲಿ ಒಂದೇ ಮಾತು ಆಡುತ್ತವೆ.

ಈಗ ಆ ತಾಲ್ಲೂಕುಗಳಿಗೆ ಬರೋಣ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವವರನ್ನು 'ಕನ್ನಡ ಬರ್ತದೇನು?' ಅಂತ ಕೇಳಿದರೆ ಸಿಗುವ ಉತ್ತರ: 'ಮಾತಾಡ್ಲಾಕ ಬರ್ತದ್ರಿ, ಓದ್ಲಾಕ ಬರಂಗಿಲ್ರಿ.' ಎರಡನೆಯ ಅರ್ಧ ಮೊದಲನೆಯದನ್ನು ಅಳಿಸಿಬಿಡ್ತದೆ, ಹೇಳಿದವರಿಗೂ ಕೇಳಿದವರಿಗೂ. 2011ರ ಜನಗಣತಿ ಇವೆರಡನ್ನೂ ಬೇರೆಯಾಗಿಯೇ ಇಟ್ಟಿತ್ತು. ಬಲ್ಲ ಇತರ ಭಾಷೆಗಳ ಕಾಲಮ್ಮಿಗೆ ಓದುಬರಹ ಬೇಕಿರಲಿಲ್ಲ, ತಿಳಿದು ಮಾತಾಡಿದರೆ ಸಾಕಿತ್ತು. ಸಾಕ್ಷರತೆಯ ಕಾಲಮ್ಮಿಗೆ ಓದಲೂ ಬರೆಯಲೂ ಬರಬೇಕಿತ್ತು. ಸರ್ಕಾರಿ ನಮೂನೆ ಬಿಡಿಸಿ ಇಟ್ಟದ್ದನ್ನು ಸಾಹಿತ್ಯದವರಾದ ನಾವು ಕಲಸಿಬಿಡುತ್ತೇವೆ. ಕ್ಷೇತ್ರಕಾರ್ಯದಲ್ಲಿ ಹಾಡಿದವರನ್ನು, ಕಥೆ ಹೇಳಿದವರನ್ನು 'ವಕ್ತೃ' ಎಂದು ಬರೆದುಕೊಳ್ಳುತ್ತೇವೆ. ಅವರು ಹೇಳುವವರು, ತಿಳಿಯುವವರು ಮಾತ್ರ ನಾವು. ಈ ಹಂಚಿಕೆ ಮಾಡಿದ್ದು ಯಾರು?

ಕವಿರಾಜಮಾರ್ಗಕ್ಕೂ ಒಂದು ತೊಡಕಿದೆ. ಓದದವರ ಅರಿವಿಗೆ ಅಲ್ಲಿ ಸಾಕ್ಷಿ ಹೇಳುತ್ತಿರುವವನು ಆಸ್ಥಾನದ ಓದಿದವನು. ಅವನು ಗುರುತಿಸುವ ತಿರುಳ್ಗನ್ನಡದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳು ಇಂದಿನ ಬಾಗಲಕೋಟೆ, ಕೊಪ್ಪಳ, ಗದಗ, ಬೆಳಗಾವಿ ಜಿಲ್ಲೆಗಳಲ್ಲಿವೆ. ಉದಗೀರದ ಸೀಮೆ ನಾಡಿನೊಳಗಿದ್ದರೂ ತಿರುಳಿನ ಹೊರಗೆ. ಆದರೂ ಅದೇ ಕೃತಿ, ದೇಸಿ ಬೇರೆ ಬೇರೆಯಾದ್ದರಿಂದ ಕನ್ನಡಗಳ ದೋಷಗಳನ್ನು ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತು ಎನ್ನುತ್ತದೆ. ತಿರುಳನ್ನು ಗೆರೆ ಎಳೆದು ತೋರಿಸಿದವನೇ ತನ್ನ ಅರಿವಿನ ಮಿತಿಯನ್ನೂ ಬರೆದಿಟ್ಟಿದ್ದಾನೆ. ಗಡಿಯ ಕನ್ನಡವನ್ನು 'ಮರಾಠಿ ಬೆರೆತದ್ದು' ಎಂದು ಒಂದೇ ಸಾಲಿನಲ್ಲಿ ಮುಗಿಸುವ ನಮಗೆ ಈ ಮಾತು ನೆನಪಿರಬೇಕು.

ಚರ್ಚೆಯಲ್ಲಿ ಅಧ್ಯಾಪಕಿಯೊಬ್ಬರ ಪ್ರಶ್ನೆ: ಅಕ್ಷರವಿಲ್ಲದ ಭಾಷೆ ಎಷ್ಟು ತಲೆಮಾರು ಉಳಿದೀತು? ನೀವು ನಿರಕ್ಷರತೆಯನ್ನು ಹೊಗಳುತ್ತಿಲ್ಲವೇ?

ಉತ್ತರ: ಇಲ್ಲ ಮೇಡಮ್. ಅಕ್ಷರ ಬೇಕೇ ಬೇಕು. ಕನ್ನಡ ಓದಲು ಬಾರದವರು ತಮ್ಮ ಭಾಷೆಯ ಬಗ್ಗೆ ನಾವು ಬರೆದದ್ದನ್ನು ಪರೀಕ್ಷಿಸಲಾರರು. ಅದು ನಮಗೆ ಅನುಕೂಲ, ಅವರಿಗೆ ನಷ್ಟ. ಕಲಿಸುವುದನ್ನು ಎಲ್ಲಿಂದ ಶುರು ಮಾಡ್ತೀವಿ ಅನ್ನೋದೇ ನನ್ನ ಪ್ರಶ್ನೆ. ಮರಾಠಿ ಶಾಲೆಯ ಮಗುವಿಗೆ ಅ ಆ ಇ ಈ, ಕ ಖ ಗ ಘ ಅನ್ನೋ ಕ್ರಮ ಆಗಲೇ ಬಂದಿರ್ತದೆ. ಅಕ್ಷರದ ರೂಪ ಮಾತ್ರ ಹೊಸದು. ಎ–ಏ, ಒ–ಓ ಭೇದಕ್ಕೆ ಮರಾಠಿಯ ಲಿಪಿಯಲ್ಲಿ ಬೇರೆ ಬೇರೆ ಅಕ್ಷರವಿಲ್ಲ ನಿಜ. ಆದರೆ ಬೆಳೆ ಬೇರೆ, ಬೇಳೆ ಬೇರೆ ಅಂತ ಕನ್ನಡ ಮಾತಾಡುವ ತೊಗರಿ ಸೀಮೆಯ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಠ ಅಲ್ಲಿಂದ ಶುರುವಾಗಲಿ.