ಕರಡು ತಿದ್ದುವವರಿಗೆ ನಾವು ಕೊಟ್ಟಿರುವ ಕೆಲಸ

ಕನ್ನಡ ಪುಸ್ತಕದ ಮೊದಲ ಪುಟಗಳಲ್ಲಿ ಸಣ್ಣಕ್ಷರದ ವಿವರ ಇರುತ್ತದಲ್ಲ, ಅಲ್ಲಿ ಬಹುಮಟ್ಟಿಗೆ ಎಲ್ಲವೂ ಸಿಗುತ್ತದೆ. ಪ್ರತಿಗಳು 1000, ಡೆಮಿ 1/8 ಆಕಾರ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ, ಅಕ್ಷರ ಜೋಡಿಸಿದವರು, ಮುಖಪುಟ ಮಾಡಿದವರು, ಮುದ್ರಿಸಿದವರು. ಇಡೀ ಹಸ್ತಪ್ರತಿಯನ್ನು ಒಂದಕ್ಷರ ಬಿಡದೆ ಓದಿದವರ ಹೆಸರು ಮಾತ್ರ ಅಪರೂಪ. ಲೇಖಕರು ಉದಾರಿಗಳಾದರೆ ಅರಿಕೆಯ ಕೊನೆಗೆ ಒಂದು ಸಾಲಿನ ನೆನಕೆ ಬರುತ್ತದೆ, ಅಷ್ಟೆ. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿಗೆ, ಮುಖಪುಟ ವಿನ್ಯಾಸಕ್ಕೆ ಬಹುಮಾನ ಕೊಡುತ್ತದೆ, ಕೊಡಲೇಬೇಕು. ಒಳಗಿನ ವಾಕ್ಯಗಳ ಸೊಗಸನ್ನು ಕಾದವರಿಗೂ ಅಂಥದೊಂದು ಗೌರವ ಸಲ್ಲಬೇಕೆಂದು ನಮಗೆ ಇನ್ನೂ ಅನ್ನಿಸಿಲ್ಲ.

ಈ ಕೆಲಸ ಮಾಡುವವರು ಯಾರು? ನಿವೃತ್ತ ಕನ್ನಡ ಅಧ್ಯಾಪಕರು, ಪತ್ರಿಕೆಯ ಡೆಸ್ಕ್ ಬಿಟ್ಟುಬಂದ ಉಪಸಂಪಾದಕರು, ಕನ್ನಡ ಎಂ.ಎ. ಮುಗಿಸಿ ಮನೆಯಿಂದಲೇ ದುಡಿಯುವ ಹೆಣ್ಣುಮಕ್ಕಳು. ಸಂಭಾವನೆ ಪುಟದ ಲೆಕ್ಕದಲ್ಲಿ. ರಾಜ್ಯೋತ್ಸವಕ್ಕೋ ಸಮ್ಮೇಳನಕ್ಕೋ ಮುಂಚೆ ಕೆಲಸ ಒಟ್ಟಿಗೇ ಬಂದು ಬೀಳುತ್ತದೆ. ಆಹ್ವಾನಪತ್ರಿಕೆ ಅಚ್ಚಾದ ಮೇಲೆ ಪ್ರೂಫ್ ಕೈಗೆ ಬರುವುದೂ ಉಂಟು. ಬರುವ ಕಡತ ಹಳೆಯ ನುಡಿ ಫಾಂಟಿನದಾಗಿದ್ದರೆ, ಅದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ, ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಭಾಷೆಯನ್ನು ಪ್ರೀತಿಸಿ ಈ ಕಸುಬಿಗೆ ಬಂದವರ ಎಷ್ಟೋ ಹೊತ್ತು ಇದನ್ನು ಹೆಕ್ಕುವುದರಲ್ಲೇ ಕಳೆದುಹೋಗುತ್ತದೆ.

ನನ್ನ ತಕರಾರು ಇಲ್ಲಿಂದ ಶುರು. 'ಕೂಲಂಕುಷ'ವನ್ನು 'ಕೂಲಂಕಷ' ಮಾಡುವುದು, 'ಜಾತ್ಯಾತೀತ'ವನ್ನು 'ಜಾತ್ಯತೀತ' ಮಾಡುವುದು ಬೇಕಾದ ಕೆಲಸವೇ. ಆದರೆ ಅಲ್ಲಿಗೇ ನಿಲ್ಲಿ ಎನ್ನುವಂತೆ ನಮ್ಮ ಪ್ರಕಾಶನ ವ್ಯವಸ್ಥೆ ನಡೆದುಕೊಳ್ಳುತ್ತಿದೆ. ಅನುವಾದಗಳಲ್ಲಿ ದಿನವೂ ಕಾಣುವ ಇಂಥದೊಂದು ವಾಕ್ಯ ನೋಡಿ: 'ತಾತನಿಂದ ಕಟ್ಟಲ್ಪಟ್ಟ ಆ ಮನೆಯು ಅವನಲ್ಲಿ ನೆನಪುಗಳನ್ನು ಹುಟ್ಟುಹಾಕಿತು.' ಕಾಗುಣಿತ ಸರಿಯಿದೆ, ವ್ಯಾಕರಣವೂ ತಪ್ಪಿಲ್ಲ. ಪ್ರೂಫ್ ನೋಡುವವರು ಮುಂದೆ ಹೋಗುತ್ತಾರೆ. 'ತಾತ ಕಟ್ಟಿಸಿದ ಮನೆ ಕಂಡದ್ದೇ ಅವನಿಗೆ ಏನೇನೋ ನೆನಪಾಯಿತು' ಎಂದು ಬದಿಯಲ್ಲಿ ಬರೆದು ಅನುವಾದಕರನ್ನು ಕೇಳುವವರು ಸಂಪಾದಕರು. ಹೀಗೆ ಕೇಳಬಲ್ಲವರು ನಮ್ಮಲ್ಲಿ ಇದ್ದಾರೆ. ಕೇಳುವುದಕ್ಕೆ ಬಿಡುವು, ಅಧಿಕಾರ ಎರಡನ್ನೂ ಅವರಿಗೆ ಕೊಟ್ಟಿಲ್ಲ.

ಕಾರಣ ಹಣದಲ್ಲೂ ಇದೆ. ಗ್ರಂಥಾಲಯ ಇಲಾಖೆಯ ಖರೀದಿಯಲ್ಲಿ ಬೆಲೆ ನಿಗದಿಯಾಗುವುದು ಪುಟಗಳ ಲೆಕ್ಕದ ಮೇಲೆ. ಒಳ್ಳೆಯ ಸಂಪಾದಕರು ಕಾದಂಬರಿಯ ಸಡಿಲ ಭಾಗವನ್ನು ಕತ್ತರಿಸಿದರೆ ಓದುಗರಿಗೆ ಲಾಭ, ಪ್ರಕಾಶಕರಿಗೆ ನಷ್ಟ. ಪುಟಕ್ಕಿಷ್ಟು ಎಂದು ಪಡೆಯುವ ಸಂಪಾದಕರಿಗೂ ನಷ್ಟವೇ. ಪುಸ್ತಕ ಬಿಗಿಯಾಗಲಿ ಎಂದು ಬಯಸುವ ಯಾರಿಗೂ ಈ ಲೆಕ್ಕದಲ್ಲಿ ಜಾಗವಿಲ್ಲ.

ಇಷ್ಟಾಗಿಯೂ ಕರಡು ತಿದ್ದುವ ಇವರ ಕಿವಿ ಎಷ್ಟು ಸೂಕ್ಷ್ಮ! 'ಪುಸ್ತಕ ಓದಿಬಿಟ್ಟ' ಎಂದರೆ ಮುಗಿಸಿದ ಎಂದು. 'ಓದಿ ಬಿಟ್ಟ' ಎಂದು ಬಿಡಿಸಿದರೆ ಓದಿ ಅಲ್ಲೇ ಬಿಟ್ಟುಹೋದ ಎಂದೂ ಆದೀತು. ಡಿಟಿಪಿಯಲ್ಲಿ ಸಾಲು ಹೊಂದಿಸುವಾಗ ನುಸುಳುವ ಇಂಥ ತೆರಪನ್ನು ಅವರು ಒಂದೊಂದಾಗಿ ಮುಚ್ಚುತ್ತಾರೆ. ಎಲ್ಲ ಪ್ರಕಾಶನಗಳೂ ಒಪ್ಪಿ ಪಾಲಿಸುವ ಕೈಪಿಡಿ ಕನ್ನಡದಲ್ಲಿಲ್ಲ, ಆದ್ದರಿಂದ ತಮ್ಮದೇ ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ: ಈ ಕಾದಂಬರಿಯಲ್ಲಿ 'ಮೇಷ್ಟ್ರು', 'ಮೇಸ್ಟ್ರು' ಅಲ್ಲ, 'ಬೇಸಗೆ', 'ಬೇಸಿಗೆ' ಅಲ್ಲ. ಪ್ರಜಾವಾಣಿಯಲ್ಲಿ ಓದುಗರ ಪ್ರಶ್ನೆಗಳಿಗೆ ಜಿ. ವೆಂಕಟಸುಬ್ಬಯ್ಯ ಉತ್ತರಿಸುತ್ತಿದ್ದ 'ಇಗೋ ಕನ್ನಡ', ಪಾ.ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ' ಇಂಥವರ ಕೈಗೆಟಕುವಲ್ಲೇ ಇರುತ್ತವೆ. ಅವು ಪದದ ಜಾಡು ತೋರಿಸುತ್ತವೆ. ಪ್ಯಾರಾ ಹೇಗೆ ನಡೆಯಬೇಕು, ಸಂಭಾಷಣೆ ಎಲ್ಲಿ ಮುರಿಯಬೇಕು ಎನ್ನುವುದನ್ನು ಮಾತ್ರ ಪ್ರತಿಯೊಬ್ಬರೂ ಒಂಟಿಯಾಗಿ ಕಲಿಯಬೇಕು.

ಒಂಟಿಯಾಗಿ ಕಲಿತದ್ದರ ಕೆಡುಕೂ ಇದೆ, ಅದನ್ನು ಹೇಳದೆ ಬಿಡಲಾರೆ. ಪಠ್ಯಪುಸ್ತಕದ ಕನ್ನಡವೊಂದೇ ಶುದ್ಧ ಎಂದು ನಂಬಿದವರ ಕೈಗೆ ಧಾರವಾಡದ ಕತೆ ಸಿಕ್ಕರೆ 'ಹೋಗ್ಯಾನ' ಎಂಬುದು 'ಹೋಗಿದ್ದಾನೆ' ಆಗುತ್ತದೆ, ಆಡಿದವನ ದನಿಯೇ ಅಡಗುತ್ತದೆ. ನಂಜನಗೂಡು ಸೀಮೆಯ ಮಾತಿನಲ್ಲೇ ಉಸಿರಾಡುವ ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಅಂಥ ಕೈಗೆ ಕೊಡುವುದನ್ನು ಊಹಿಸಲೂ ಭಯವಾಗುತ್ತದೆ. ಆಡುಮಾತನ್ನು ತಿದ್ದಬೇಕಾದಲ್ಲಿ ಕೂಡ ಆ ಊರಿನವರನ್ನು ಕೇಳಿಯೇ ತಿದ್ದಬೇಕು. ದಕ್ಷಿಣ ಕನ್ನಡದ 'ಮಾರಾಯ್ರೆ' ಬೆಂಗಳೂರಿನ ಮೇಜಿನ ಮೇಲೆ ಎಷ್ಟು ಸಲ ಸತ್ತಿದೆಯೋ!

ನಮಗೆ ಸಂಪಾದನೆಯ ದೊಡ್ಡ ಪರಂಪರೆಯೇ ಇದೆ ಎನ್ನುವುದು ಈ ನೋವನ್ನು ಹೆಚ್ಚಿಸುತ್ತದೆ. ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥ ಸಂಪಾದನೆ' ಬರೆದು ಓಲೆಗರಿಯ ಪಾಠಾಂತರಗಳ ನಡುವೆ ವಿವೇಚಿಸುವ ಶಿಸ್ತನ್ನು ಕಲಿಸಿದರು. ಎಂ.ಎ. ವಿದ್ಯಾರ್ಥಿಗಳು ಅದನ್ನು ಓದುತ್ತಾರೆ, ಸರಿ. ಅಳಿದ ಕವಿಯ ಒಂದು ಅಕ್ಷರಕ್ಕಾಗಿ ಹತ್ತು ಪ್ರತಿ ತಾಳೆ ನೋಡುವ ಭಾಷೆ, ಬದುಕಿರುವ ಲೇಖಕರ ಹಸ್ತಪ್ರತಿಗೆ ಒಂದು ವಾರವನ್ನೂ ಕೊಡದೆ ಪ್ರೆಸ್ಸಿಗೆ ಕಳಿಸುತ್ತಿದೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಹಳೆಯ ಗ್ರಂಥಗಳ ಸಂಪಾದನೆಯ ಜೊತೆಗೇ ಹೊಸ ಬರಹದ ಸಂಪಾದನೆಯನ್ನೂ ಕಲಿಸಲಿ. ಪ್ರಕಾಶಕರು ಪುಟದ ಲೆಕ್ಕ ಬಿಟ್ಟು ಇಡೀ ಪುಸ್ತಕಕ್ಕೆಂದು ಸಂಭಾವನೆ ಕೊಡಲಿ, ಬಿಡುಗಡೆಯ ದಿನ ಗೊತ್ತುಮಾಡುವ ಮೊದಲೇ ಹಸ್ತಪ್ರತಿ ಕೊಟ್ಟು, ಲೇಖಕರೊಡನೆ ನೇರವಾಗಿ ಮಾತಾಡಲು ಬಿಡಲಿ. ಕಾಗದದ ತೂಕ ಬರೆಯುವ ಪುಟದಲ್ಲಿ ಇನ್ನೊಂದು ಹೆಸರು ಸೇರಿಸಲು ಅರ್ಧ ಸಾಲು ಸಾಕು.