ನಾಲ್ಕು ಚೌಕದ ಕಥೆ ನೋಡುವ ಬಗೆ

ವಿದ್ಯಾರ್ಥಿಗಳು ಬರೆದ ಕಾಮಿಕ್ಸ್ ಕೈಗೆ ಬಂದಾಗ ನಮ್ಮ ಕಣ್ಣು ಹೋಗುವುದು ಗೆರೆಯ ಅಂದಕ್ಕೆ. ಅದು ಆಮೇಲಿರಲಿ. ಕಥೆಯ ಯಾವ ಗಳಿಗೆಗೆ ಚಿತ್ರ ಬರೆದಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಮೊದಲು ನೋಡಿ.

ಇದನ್ನು ಕಲಿಯಲು ಗ್ರಾಸ್‌ರೂಟ್ಸ್ ಕಾಮಿಕ್ಸ್‌ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆ ಶಿಬಿರಗಳಲ್ಲಿ ಕಲಿಸುತ್ತ ಬಂದಿರುವ ರೂಪ ಇದು. ಎರಡು ಎ4 ಹಾಳೆ ಅಂಟಿಸಿದರೆ ಒಂದು ಪೋಸ್ಟರ್, ಅದರಲ್ಲಿ ನಾಲ್ಕು ಚೌಕ. ಜೆರಾಕ್ಸ್ ತೆಗೆದು ಊರಿನ ಗೋಡೆಗೆ ಅಂಟಿಸುತ್ತಾರೆ.

ನಾಲ್ಕೇ ಚೌಕ ಇರುವುದರಿಂದ ಕಥೆಗಾರರ ಆಯ್ಕೆ ಎದ್ದು ಕಾಣುತ್ತದೆ. ಹೀಗೊಂದು ಕಥೆ ಇದೆ ಎಂದುಕೊಳ್ಳಿ: ಹುಡುಗಿ ನಲ್ಲಿಯ ಸಾಲಿನಲ್ಲಿ ಕೊಡ ಇಡುತ್ತಾಳೆ, ಶಾಲೆಯ ಗಂಟೆ ಬಾರಿಸುತ್ತದೆ, ಸಾಲು ಕದಲಿಲ್ಲ, ಮೇಷ್ಟ್ರು ಹಾಜರಿ ಕೂಗುತ್ತಾರೆ. ನಾಲ್ಕನೆಯ ಚೌಕದಲ್ಲಿ ಯಾರೋ ಬಂದು ‘ಹೆಣ್ಣುಮಕ್ಕಳನ್ನು ಓದಿಸಿ’ ಎಂದು ಭಾಷಣ ಮಾಡಿದರೆ ಕಥೆ ಅಲ್ಲೇ ಕುಸಿಯಿತು. ಅದರ ಬದಲು ತರಗತಿಯ ಖಾಲಿ ಜಾಗ, ಕಿಟಕಿಯಾಚೆ ಅದೇ ಸಾಲು ಕಂಡರೆ? ಹುಡುಗಿಯ ದಿನ ಹೇಗೆ ಹೋಯಿತೆಂದು ಓದುಗರೇ ಊಹಿಸುತ್ತಾರೆ. ಚೌಕಗಳ ನಡುವಿನ ಖಾಲಿ ಪಟ್ಟಿಯಲ್ಲಿ ಓದುಗರ ಮನಸ್ಸು ಮಾಡುವ ಈ ಕೆಲಸವನ್ನು ಸ್ಕಾಟ್ ಮೆಕ್‌ಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ ಕಾಮಿಕ್ಸ್‌ನ ಮುಖ್ಯ ಶಕ್ತಿಯೆಂದೇ ವಿವರಿಸಿದ್ದಾರೆ.

ಇನ್ನೊಂದು ಪರೀಕ್ಷೆ: ಮಾತುಗಳನ್ನು ಕೈಯಿಂದ ಮುಚ್ಚಿ ನೋಡಿ. ಕಥೆ ಮುಕ್ಕಾಲು ಪಾಲಾದರೂ ತಿಳಿಯಬೇಕು. ಕಾರ್ಕಳದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ ಓದಿ ಬೆಳೆದ ನಮಗೆ ಚಿತ್ರದ ನೆತ್ತಿಯ ಮೇಲೆ ವಿವರಣೆ ಇರುವುದು ರೂಢಿ. ಪುರಾಣ, ಚರಿತ್ರೆಯ ಉದ್ದದ ಕಥೆಗೆ ಅದು ಬೇಕಿತ್ತು. ಓಡುತ್ತಿರುವ ಹುಡುಗನ ಮೇಲೆ ‘ಹುಡುಗ ಓಡಿದ’ ಎಂದು ಬರೆದರೆ ಮಾತ್ರ ಜಾಗ ದಂಡ.

ಈಗ ಗೆರೆಗೆ ಬನ್ನಿ. ಪಾತ್ರಗಳು ಬರೀ ಕಡ್ಡಿಗೊಂಬೆಗಳಾಗಿರಲಿ, ಚಿಂತೆಯಿಲ್ಲ. ಮೊದಲ ಚೌಕದ ಹುಡುಗಿಯನ್ನು ನಾಲ್ಕನೆಯದರಲ್ಲೂ ಜಡೆಯಿಂದಲೋ ಲಂಗದ ಅಂಚಿನಿಂದಲೋ ಗುರುತು ಹಿಡಿಯಬಹುದೇ ಎಂಬುದು ಮುಖ್ಯ. ಪೋಸ್ಟರನ್ನು ಎರಡು ಹೆಜ್ಜೆ ದೂರ ನಿಂತು ನೋಡಿ. ಗೋಡೆಯ ಮುಂದೆ ಜನ ನಿಲ್ಲುವುದು ಹಾಗೆಯೇ. ಪೆನ್ಸಿಲ್ಲಿನ ನವಿರು ಛಾಯೆ ಜೆರಾಕ್ಸ್‌ನಲ್ಲಿ ಮಾಸಿಹೋಗುತ್ತದೆ, ಗಟ್ಟಿ ಕಪ್ಪು ಗೆರೆ ಉಳಿಯುತ್ತದೆ. ಇದನ್ನರಿತು ಕಪ್ಪು ಬಳಿದ ವಿದ್ಯಾರ್ಥಿಗೆ ಶೈಲಿಯ ಅರಿವು ಬಂದಿದೆ. ಮಾತಿನ ಬಲೂನುಗಳನ್ನೂ ಗಮನಿಸಿ: ಮೊದಲು ಮಾತಾಡುವವರದು ಎಡಕ್ಕೆ, ಮೇಲಕ್ಕೆ ಇರಬೇಕು. ಉತ್ತರವೇ ಮೊದಲು ಕಣ್ಣಿಗೆ ಬಿದ್ದರೆ ಎಷ್ಟು ಚಂದದ ಮುಖ ಬರೆದರೂ ಸಂಭಾಷಣೆ ಕೆಡುತ್ತದೆ.

ಅಭಿಪ್ರಾಯ ಹೇಳುವಾಗ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಹೊರಡಬೇಡಿ. ಯಾವ ಚೌಕದಲ್ಲಿ ನಿಂತಿರಿ, ಎಲ್ಲಿ ಗೊಂದಲವಾಯಿತು ಎಂದು ಬೆರಳಿಟ್ಟು ತೋರಿಸಿ.